ಜೀನ್ ಎಡಿಟ್ ಭತ್ತ, ಆರ್‌ಎನ್‌ಎ ಸ್ಪ್ರೇ, ಕೋಲಾರದ ಟೊಮೆಟೊ: ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ

ಒಂದರ ಹಿಂದೆ ಒಂದು ಬಂದ ಮೂರು ಸುದ್ದಿಗಳು ಈಗ ಕಲಸಿಕೊಂಡು ಓಡಾಡುತ್ತಿವೆ. 2023ರ ಡಿಸೆಂಬರ್‌ನಲ್ಲಿ ಆಲೂಗಡ್ಡೆ ಹುಳುವಿಗೆ ಹೊಡೆಯುವ ಆರ್‌ಎನ್‌ಎ ಔಷಧಿಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಒಂದು ಬಗೆಯ ಚಿಕ್ಕ ಆರ್‌ಎನ್‌ಎ ಕಂಡುಹಿಡಿದವರಿಗೆ ನೊಬೆಲ್ ಬಂತು. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎರಡು ಜೀನ್ ಎಡಿಟ್ ಭತ್ತದ ತಳಿಗಳನ್ನು, ಅಂದರೆ ಭತ್ತದ ಸ್ವಂತ ಜೀನನ್ನೇ ಕತ್ತರಿಸಿ ತಿದ್ದಿದ ತಳಿಗಳನ್ನು, ಬಿಡುಗಡೆ ಮಾಡಿದರು.

ಮೂರನ್ನೂ ಸೇರಿಸಿ ಓದಿದವರಿಗೆ ಗೊಂದಲ ಆಗುವುದು ಸಹಜ. ಆರ್‌ಎನ್‌ಎ ಅಂದರೆ ಕೋವಿಡ್ ಲಸಿಕೆಯಲ್ಲಿದ್ದದ್ದೇನಾ? ಎಡಿಟ್ ಮಾಡಿದ ಬೀಜ ಅಂದರೆ ಹೊರಗಿನ ಜೀನ್ ಸೇರಿಸಿದ ಬಿಟಿ ಹತ್ತಿಯ ಹಾಗೇನಾ? ಮುಂದಿನ ಸರದಿ ನಮ್ಮ ಟೊಮೆಟೊದ್ದಾ, ರಾಗಿಯದ್ದಾ? ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಈ ಪ್ರಶ್ನೆಗಳಿಗೆ ತೂಕ ಜಾಸ್ತಿ. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಬೋರ್‌ವೆಲ್ ನಂಬಿ ಬೇಸಾಯ. ಒಂದು ಬೆಳೆ ಕೈಕೊಟ್ಟರೆ ಮುಂದಿನ ಬೆಳೆಗೆ ಸಾಲ ಮಾಡಬೇಕು. ಹಾಗಾಗಿ ಹೊಸ ಬೀಜ, ಹೊಸ ಔಷಧಿ ಅಂದಾಗ ಆಸೆಯೂ ಇರುತ್ತದೆ, ಅನುಮಾನವೂ ಇರುತ್ತದೆ.

ಈ ಎಲ್ಲ ಸುದ್ದಿಗಳ ನಡುವೆ ಒಂದು ವಿಷಯ ಕಳೆದುಹೋಗಿದೆ. ಚಿಕ್ಕ ಆರ್‌ಎನ್‌ಎ ಎಂಬುದು ಲ್ಯಾಬ್‌ನಿಂದ ಬಂದ ಹೊಸ ವಸ್ತುವಲ್ಲ. ಅದು ಪ್ರತಿ ಗಿಡದ ಒಳಗೂ ಮೊದಲಿನಿಂದಲೇ ಇದೆ. ಅದನ್ನು ಬಳಸುವ ದಾರಿಗಳು ಮಾತ್ರ ಬೇರೆ ಬೇರೆ, ಮತ್ತು ಒಂದೊಂದು ದಾರಿಗೂ ಕೇಳಬೇಕಾದ ಪ್ರಶ್ನೆ ಬೇರೆ.

ಮೊದಲು ಭತ್ತದ ವಿಷಯ ಇತ್ಯರ್ಥ ಮಾಡೋಣ

ಬಿಡುಗಡೆಯಾದ ಎರಡು ತಳಿಗಳಲ್ಲಿ ಒಂದು ಡಿಆರ್‌ಆರ್ ಧಾನ್ 100, ಕಮಲಾ ಅಂತಲೂ ಹೆಸರು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ಸಾಂಬಾ ಮಸೂರಿಯಿಂದ ಮಾಡಿತು. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ಎಂಟಿಯು 1010 ತಳಿಯಿಂದ ಮಾಡಿತು. ಕಮಲಾದಲ್ಲಿ ಸರಾಸರಿ 19% ಇಳುವರಿ ಜಾಸ್ತಿ, ಕಟಾವು ಸುಮಾರು 20 ದಿನ ಮೊದಲು ಎಂಬುದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ, ಅಂದರೆ ಐಸಿಎಆರ್‌ನ ಹೇಳಿಕೆ.

ಎರಡರಲ್ಲೂ ಭತ್ತದ್ದೇ ಆದ ಒಂದೊಂದು ಜೀನ್‌ನ ಕೆಲಸ ಕೆಡಿಸಲಾಗಿದೆ. ಕಮಲಾದಲ್ಲಿ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುತ್ತಿದ್ದ ಜೀನ್, ಪೂಸಾ ತಳಿಯಲ್ಲಿ ಬರ ಮತ್ತು ಉಪ್ಪನ್ನು ತಡೆದುಕೊಳ್ಳಲು ಅಡ್ಡಿಯಾಗಿದ್ದ ಜೀನ್. ಹೊರಗಿನ ಜೀವಿಯ ಜೀನ್ ಉಳಿಸಿಲ್ಲ. ಚಿಕ್ಕ ಆರ್‌ಎನ್‌ಎಯನ್ನೂ ಮುಟ್ಟಿಲ್ಲ. ಆದರೆ ಇದೇ ಎಡಿಟಿಂಗ್ ಕತ್ತರಿ ಹಿಡಿದು ಮುಂದೆ ಕೈ ಹಾಕುವ ಜಾಗಗಳಲ್ಲಿ ಚಿಕ್ಕ ಆರ್‌ಎನ್‌ಎಗಳು ಖಂಡಿತ ಇವೆ. ಅದಕ್ಕೇ ಅವು ಏನು ಮಾಡುತ್ತವೆ ಎಂದು ಈಗಲೇ ತಿಳಿದಿರುವುದು ಒಳ್ಳೆಯದು.

ಗಿಡದೊಳಗಿನ ನೀರುಗಂಟಿ

ಒಂದು ಟೊಮೆಟೊ ಗಿಡದ ಬೇರಿನ ಕೋಶದಲ್ಲೂ ಹೂವಿಗೆ ಬೇಕಾದ ಜೀನ್‌ಗಳು ಇರುತ್ತವೆ. ಆದರೂ ಬೇರಿನಲ್ಲಿ ಹೂ ಬಿಡುವುದಿಲ್ಲ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂಬುದಕ್ಕೆ ಹಿಡಿತ ಇದೆ.

ಜೀನ್ ಕೆಲಸ ಮಾಡಬೇಕಾದರೆ ಮೊದಲು ಅದರ ನಕಲು ತಯಾರಾಗಬೇಕು. ಆ ನಕಲೇ ಮೆಸೆಂಜರ್ ಆರ್‌ಎನ್‌ಎ. ಅದನ್ನು ಓದಿ ಕೋಶ ಪ್ರೋಟೀನ್ ಮಾಡುತ್ತದೆ. ಕೋವಿಡ್‌ಗೆ ಬಂದ ಎಂಆರ್‌ಎನ್‌ಎ ಲಸಿಕೆ ಈ ಜಾತಿಯದು, ಪ್ರೋಟೀನ್ ಮಾಡಿಸುವಂಥದ್ದು. ಚಿಕ್ಕ ಆರ್‌ಎನ್‌ಎ ಅದಕ್ಕೆ ಉಲ್ಟಾ. ಅದರ ಉದ್ದ ಬರೀ 21ರಿಂದ 24 ಅಕ್ಷರ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯೂ ಒಂದು ಅಕ್ಷರ). ಅದು ಪ್ರೋಟೀನ್ ಮಾಡಿಸುವುದಿಲ್ಲ, ಮಾಡುವುದನ್ನು ತಡೆಯುತ್ತದೆ.

ತಡೆಯುವ ಕ್ರಮ ಹೀಗಿದೆ. ಕೋಶ ಮೊದಲು ಎರಡು ಎಳೆಯ ಆರ್‌ಎನ್‌ಎ ಮಾಡುತ್ತದೆ. ಡೈಸರ್ ಎಂಬ ಪ್ರೋಟೀನ್ ಅದನ್ನು ಚಿಕ್ಕ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡಿನ ಒಂದು ಎಳೆಯನ್ನು ಆರ್ಗೋನಾಟ್ ಎಂಬ ಇನ್ನೊಂದು ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡು, ಕೋಶದಲ್ಲಿ ಓಡಾಡುವ ಮೆಸೆಂಜರ್‌ಗಳಲ್ಲಿ ತನ್ನ ಅಕ್ಷರಗಳಿಗೆ ಜೋಡಿಯಾಗುವ ಜಾಗ ಹುಡುಕುತ್ತದೆ. ಸಿಕ್ಕಿದರೆ ಅಲ್ಲೇ ತುಂಡರಿಸುತ್ತದೆ, ಇಲ್ಲವೇ ಓದಲು ಬಿಡುವುದಿಲ್ಲ. ಜೀನ್ ಹಾಗೇ ಇರುತ್ತದೆ, ಅದರ ಮಾತು ಮಾತ್ರ ನಡೆಯುವುದಿಲ್ಲ.

ಕೆರೆ ಕೆಳಗಿನ ಊರುಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವೂ ಇದೇ. ಅವನು ನೀರು ತರುವವನಲ್ಲ, ಬೆಳೆ ಬೆಳೆಯುವವನೂ ಅಲ್ಲ. ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ಮುಚ್ಚಬೇಕು, ಅಷ್ಟೇ ಅವನ ಕೈಯಲ್ಲಿತ್ತು. ಅವನು ಎಡವಿದರೆ ಒಂದು ಗದ್ದೆ ಕೊಳೆಯುತ್ತಿತ್ತು, ಇನ್ನೊಂದು ಒಣಗುತ್ತಿತ್ತು.

ಈ ವ್ಯವಸ್ಥೆಯ ಮೊದಲ ಸುಳಿವು ಸಿಕ್ಕಿದ್ದು ಹೂಗಿಡದಲ್ಲಿ. 1990ರಲ್ಲಿ ಅಮೆರಿಕದ ಸಂಶೋಧಕರು ಪೆಟೂನಿಯಾ ಹೂವಿನ ನೇರಳೆ ಬಣ್ಣ ಗಾಢ ಆಗಲಿ ಎಂದು ಬಣ್ಣದ ಜೀನನ್ನೇ ಇನ್ನೊಂದು ಪ್ರತಿ ಸೇರಿಸಿದರು. ಹಲವು ಗಿಡಗಳಲ್ಲಿ ಬಿಳಿ ಹೂ ಬಿಟ್ಟಿತು! ಸೇರಿಸಿದ ಜೀನ್ ತಾನೂ ಸುಮ್ಮನಾಗಿ, ಗಿಡದ ಸ್ವಂತ ಜೀನನ್ನೂ ಸುಮ್ಮನಾಗಿಸಿತ್ತು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಒಂದು ಮಿಲಿಮೀಟರ್ ಉದ್ದದ ದುಂಡು ಹುಳುವಿನಲ್ಲಿ ಮೊದಲ ಮೈಕ್ರೋ ಆರ್‌ಎನ್‌ಎಯ ಕೆಲಸ ತೋರಿಸಿಕೊಟ್ಟರು. 1999ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬಾಲ್ಕೂಂಬ್ ಗಿಡಗಳಲ್ಲಿ ಜೀನ್ ಬಾಯಿ ಮುಚ್ಚಿಸುವ ಚಿಕ್ಕ ಆರ್‌ಎನ್‌ಎಯನ್ನೇ ಹಿಡಿದು ತೋರಿಸಿದರು. ಜೀನ್ ಬಾಯಿ ಮುಚ್ಚಿಸುವ ಆರ್‌ಎನ್‌ಎ ಸಂಶೋಧನೆಗೆ ಸಿಕ್ಕ 2006ರ ನೊಬೆಲ್, 2024ರ ನೊಬೆಲ್ ಎರಡೂ ಹುಳುವಿನ ಮೇಲಿನ ಕೆಲಸಕ್ಕೆ ಸಂದವು. ಗಿಡದ ಮೇಲೆ ದುಡಿದವರಿಗೂ ಅದರಲ್ಲಿ ಪಾಲು ಸಿಗಬೇಕಿತ್ತು.

ಓಟೆ ಮಾವು, ಕಸಿ ಮಾವು

ಗಿಡಕ್ಕೆ ವಯಸ್ಸಾಯಿತು ಎಂದು ಗಿಡಕ್ಕೆ ಹೇಗೆ ಗೊತ್ತಾಗುತ್ತದೆ? ಇದಕ್ಕೆ ಉತ್ತರದ ದೊಡ್ಡ ಭಾಗ ಎರಡು ಮೈಕ್ರೋ ಆರ್‌ಎನ್‌ಎಗಳಲ್ಲಿದೆ. ವಿಜ್ಞಾನಿಗಳು ಅವಕ್ಕೆ ನಂಬರ್ ಕೊಟ್ಟಿದ್ದಾರೆ, 156 ಮತ್ತು 172.

ಎಳೆ ಸಸಿಯಲ್ಲಿ 156 ತುಂಬಾ ಇರುತ್ತದೆ. ಗಿಡವನ್ನು ಬಲಿಯುವ ಹಂತಕ್ಕೆ ಒಯ್ಯುವ ಎಸ್‌ಪಿಎಲ್ ಎಂಬ ಜೀನ್‌ಗಳ ಗುಂಪನ್ನು ಅದು ಅದುಮಿ ಇಟ್ಟಿರುತ್ತದೆ. ಎಲೆಗಳು ಬೆಳೆದು ಸಕ್ಕರೆ ತಯಾರಾಗುತ್ತಾ ಹೋದಂತೆ 156 ಇಳಿಯುತ್ತದೆ. ಅದು ಇಳಿದರೆ ಎಸ್‌ಪಿಎಲ್ ಜೀನ್‌ಗಳು ಎದ್ದು ನಿಲ್ಲುತ್ತವೆ, 172ರ ಪ್ರಮಾಣ ಏರುತ್ತದೆ. 172 ಹೂವನ್ನು ತಡೆದಿದ್ದ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಆಗ ಗಿಡ ಹೂವಿಗೆ ತಯಾರು. ಒಂದು ಇಳಿದರೆ ಇನ್ನೊಂದು ಏರುವ ಈ ಲೆಕ್ಕ ಹೂ ಬಿಡುವ ಬೆಳೆಗಳಲ್ಲೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ ನಡೆಯುತ್ತದೆ.

ಶ್ರೀನಿವಾಸಪುರದ ಮಾವಿನ ತೋಟದವರಿಗೆ ಇದು ಹೊಸದೇನಲ್ಲ. ಓಟೆ ನೆಟ್ಟು ಬೆಳೆಸಿದ ಮಾವು ಕಾಯಿ ಬಿಡಲು ಎಷ್ಟೋ ವರ್ಷ ಕಾಯಿಸುತ್ತದೆ. ಕಸಿ ಗಿಡ ಕುಳ್ಳಗಿರುವಾಗಲೇ ಹೂ ಕಟ್ಟುತ್ತದೆ, ಮೊದಲ ಒಂದೆರಡು ವರ್ಷ ಹೂವನ್ನು ಚಿವುಟಿ ಹಾಕಬೇಕಾಗುತ್ತದೆ. ಕಾರಣ, ಕಸಿಗೆ ತೆಗೆದ ಕಡ್ಡಿ ಬಲಿತ ಮರದ್ದು. ಬೇರು ಎಳೆಯದಾದರೂ ಕಡ್ಡಿ ತನ್ನ ವಯಸ್ಸನ್ನು ಮರೆಯುವುದಿಲ್ಲ. ಮಾವಿನಲ್ಲೂ ಎಳೆ ಸಸಿಯ ಎಲೆಯಲ್ಲಿ 156 ಜಾಸ್ತಿ, ಬಲಿತ ಮರದಲ್ಲಿ ಕಡಿಮೆ ಎಂದು ಅಳೆದು ನೋಡಿದವರು ಕಂಡುಕೊಂಡಿದ್ದಾರೆ.

ಇಂಥದ್ದೇ ಇನ್ನೊಂದು ನಂಬರ್ 399. ಮಣ್ಣಿನಲ್ಲಿ ರಂಜಕ ಕಡಿಮೆಯಾದರೆ ಎಲೆಗಳಲ್ಲಿ ಇದು ಹುಟ್ಟುತ್ತದೆ, ನಾಳದ ರಸದ ಜೊತೆ ಇಳಿದು ಬೇರು ಸೇರುತ್ತದೆ. ಅಲ್ಲಿ ರಂಜಕ ಹೀರುವ ಪ್ರೋಟೀನ್‌ಗಳನ್ನು ಕೊಳೆಸುತ್ತಿದ್ದ ಒಂದು ಜೀನನ್ನು ತಡೆಯುತ್ತದೆ. ಹೀರುವಿಕೆ ಜಾಸ್ತಿಯಾಗುತ್ತದೆ. ರಂಜಕ ಸಾಕಷ್ಟಿದ್ದಾಗ 399 ಹುಟ್ಟುವುದೇ ಇಲ್ಲ, ಗಿಡ ತನ್ನ ಬೇರಿನ ಬಾಯಿ ತಾನೇ ಬಿಗಿ ಮಾಡಿಕೊಳ್ಳುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಪ್ರತಿ ಬೆಳೆಗೂ ರಂಜಕದ ಗೊಬ್ಬರವಾದ ಡಿಎಪಿ ಸುರಿಯುವುದರಿಂದ ಪ್ರಯೋಜನ ಇಲ್ಲ ಎಂದು ಕೃಷಿ ಇಲಾಖೆಯವರು ಹೇಳುವುದಕ್ಕೆ ಗಿಡದ ಒಳಗಿನಿಂದಲೂ ಒಂದು ಕಾರಣ ಸಿಗುತ್ತದೆ.

ತೆಂಡೆ ಜಾಸ್ತಿಯೋ, ತೆನೆ ಜಾಸ್ತಿಯೋ

ಇಳುವರಿಯ ಆಸೆ ಹುಟ್ಟುವುದು ಇಲ್ಲಿಂದ. 2010ರಲ್ಲಿ ಚೀನಾದ ವಿಜ್ಞಾನಿಗಳು ಭತ್ತದ ಒಂದು ತಳಿಯಲ್ಲಿ ವಿಚಿತ್ರ ನೋಡಿದರು. ಅದರಲ್ಲಿ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆ, ಕಾಂಡ ದಪ್ಪ, ತೆನೆಯಲ್ಲಿ ಕಾಳು ಜಾಸ್ತಿ. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು ಅಕ್ಷರದ ವ್ಯತ್ಯಾಸ. ಎಸ್‌ಪಿಎಲ್ ಗುಂಪಿನ ಒಂದು ಜೀನ್‌ನಲ್ಲಿ, 156 ಬಂದು ಅಂಟಿಕೊಳ್ಳುವ ಜಾಗದಲ್ಲೇ ಅಕ್ಷರ ಬದಲಾಗಿತ್ತು. 156ಕ್ಕೆ ಅಲ್ಲಿ ಹಿಡಿತ ಸಿಗಲಿಲ್ಲ, ಜೀನ್ ಜೋರಾಗಿ ಕೆಲಸ ಮಾಡಿತು, ಗಿಡದ ಆಕಾರವೇ ಬದಲಾಯಿತು. ಅದು ಯಾರೂ ಎಡಿಟ್ ಮಾಡಿದ್ದಲ್ಲ, ತಾನಾಗಿ ಆದದ್ದು.

ಗೋಧಿಯ ಕಥೆ ಇನ್ನೂ ಹಳೆಯದು. ಕಾಡು ಗೋಧಿಯ ಕಾಳು ಹೊಟ್ಟಿಗೆ ಅಂಟಿಕೊಂಡಿರುತ್ತದೆ. ಒಕ್ಕಣೆಯಲ್ಲಿ ಸಲೀಸಾಗಿ ಬಿಡಿಸಿಕೊಳ್ಳುವ ಗೋಧಿ ನಮಗೆ ಸಿಕ್ಕಿದ್ದು ಕ್ಯೂ ಎಂಬ ಜೀನ್‌ನಲ್ಲಿ 172 ಅಂಟುವ ಜಾಗ ಬದಲಾದ ಮೇಲೆ. ಸಾವಿರಾರು ವರ್ಷಗಳ ಹಿಂದೆ ರೈತರು ಅಂಥ ತೆನೆಗಳನ್ನು ಆರಿಸಿ ಬಿತ್ತುತ್ತಾ ಬಂದರು. ಮೈಕ್ರೋ ಆರ್‌ಎನ್‌ಎ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಅವರು ಆರಿಸುತ್ತಿದ್ದದ್ದು ಅದರ ಹಿಡಿತದ ಬದಲಾವಣೆಯನ್ನೇ.

ಹಾಗಾದರೆ ರಾಗಿಯಲ್ಲಿ ಈ ಕೆಲಸ ಮಾಡಬಹುದಲ್ವಾ? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್ 365 ರಾಗಿಯ ಜೀನೋಮ್, ಅಂದರೆ ಇಡೀ ಜೀನ್ ಕಟ್ಟು, ಓದಿ ಪ್ರಕಟಿಸಿತು. ಅದು ಒಳ್ಳೆಯ ಬುನಾದಿ. ಆದರೆ ರಾಗಿಯಲ್ಲಿ ಎರಡು ಪೂರ್ವಜರ ಜೀನ್ ಕಟ್ಟು ಒಟ್ಟಿಗೆ ಕೂತಿದೆ. ಒಂದೊಂದು ಜೀನ್‌ಗೂ ಸಾಮಾನ್ಯವಾಗಿ ಜೊತೆಗಾರ ಪ್ರತಿ ಇದೆ. ಒಂದನ್ನು ತಿದ್ದಿದರೆ ಇನ್ನೊಂದು ಅದೇ ಕೆಲಸ ಮುಂದುವರಿಸಬಹುದು.

ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಭತ್ತದಲ್ಲಿ 156ನ್ನು ಅತಿಯಾಗಿ ಹೆಚ್ಚಿಸಿ ನೋಡಿದಾಗ ಗಿಡ ಕುಳ್ಳಾಯಿತು, ತೆಂಡೆ ಪೊದೆಯ ಹಾಗೆ ಒಡೆಯಿತು, ತೆನೆ ಚಿಕ್ಕದಾಯಿತು, ಹೂ ತಡವಾಯಿತು. ಮೆಕ್ಕೆಜೋಳದಲ್ಲಿ ಅದೇ 156 ಮಿತಿಮೀರಿದ ಗಿಡವಿದೆ, ಅದು ಹುಲ್ಲಿನಂತೆ ಎಳೆಯದಾಗಿಯೇ ಉಳಿಯುತ್ತದೆ. ತೆಂಡೆ ಎಳೆದರೆ ತೆನೆ ಸಣ್ಣ, ತೆನೆ ಎಳೆದರೆ ತೆಂಡೆ ಕಡಿಮೆ. ಪುಕ್ಕಟೆ ಏನೂ ಸಿಗುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ರೈತನಿಗೆ ರಾಗಿ ಅಂದರೆ ಕಾಳು ಮಾತ್ರ ಅಲ್ಲ. ರಾಗಿ ಹುಲ್ಲು ಹಸುವಿನ ಹೊಟ್ಟೆಗೆ ಹೋಗುತ್ತದೆ, ಮನೆಗೆ ವಾರ ವಾರ ಕಾಸು ಬರುವುದು ಡೇರಿಗೆ ಹಾಕಿದ ಹಾಲಿನಿಂದ. ತೆಂಡೆ ಕಡಿಮೆಯಾಗಿ ಕಾಂಡ ದಪ್ಪವಾದ ರಾಗಿ ಬಂದರೆ ಕಾಳಿನ ಲೆಕ್ಕದಲ್ಲಿ ಗೆದ್ದರೂ ಹುಲ್ಲಿನ ಲೆಕ್ಕದಲ್ಲಿ ಸೋಲಬಹುದು. ದಪ್ಪ ಕಾಂಡ ಹಸು ತಿನ್ನುತ್ತದೆಯೇ ಎಂಬುದೂ ಪ್ರಶ್ನೆಯೇ. ತಳಿ ಪರೀಕ್ಷೆಯಲ್ಲಿ ಹುಲ್ಲಿನ ತೂಕ, ಹುಲ್ಲಿನ ಗುಣ ಎರಡನ್ನೂ ಕಾಳಿನಷ್ಟೇ ಗಂಭೀರವಾಗಿ ಅಳೆಯಬೇಕು. ಎಕರೆಗೆ ಇಷ್ಟು ಕ್ವಿಂಟಲ್ ಎಂಬ ಒಂದೇ ಅಂಕಿ ನಮ್ಮ ಜಿಲ್ಲೆಗಳಿಗೆ ಸಾಲದು.

ಎಲೆ ಮುದುಡಿದಾಗ ಒಳಗೆ ಏನಾಗುತ್ತದೆ

ಕೋಲಾರದ ಎಪಿಎಂಸಿ ಏಷ್ಯಾದ ಎರಡನೇ ದೊಡ್ಡ ಟೊಮೆಟೊ ಮಾರುಕಟ್ಟೆ ಎಂದು ಹೆಸರಾದದ್ದು. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಆಗ ರೇಟು ಏರಿದ್ದಕ್ಕೆ ಮಳೆ, ಬಿಸಿಲಿನ ಜೊತೆ ರೋಗವೂ ಕಾರಣ. ಅದರಲ್ಲಿ ಹಳೆಯ ಶತ್ರು ಎಲೆ ಮುದುಡು ರೋಗ. ತುದಿ ಎಲೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಚಿಕ್ಕದಾಗುತ್ತದೆ, ಅಂಚು ಹಳದಿಯಾಗುತ್ತದೆ, ಗೆಣ್ಣುಗಳು ಹತ್ತಿರ ಬಂದು ಗಿಡ ಗಿಡ್ಡಾಗುತ್ತದೆ. ಹೂ ಉದುರುತ್ತದೆ. ನಾಟಿ ಮಾಡಿದ ಕೆಲವೇ ವಾರದಲ್ಲಿ ತಗುಲಿದರೆ ಆ ಗಿಡದಿಂದ ಕಾಯಿಯ ಆಸೆ ಬಿಡಬೇಕು.

ರೋಗ ತರುವುದು ಬಿಳಿ ನೊಣ ಹೊತ್ತು ತರುವ ವೈರಸ್. ಟೊಮೆಟೊ ಲೀಫ್ ಕರ್ಲ್ ಬೆಂಗಳೂರು ವೈರಸ್ ಎಂದು ಬೆಂಗಳೂರಿನ ಹೆಸರನ್ನೇ ಹೊತ್ತ ವೈರಸ್ ಕೂಡ ಈ ಗುಂಪಿನಲ್ಲಿದೆ. ನೊಣ ರಸ ಹೀರುವಾಗ ವೈರಸ್ ನಾಳಕ್ಕೆ ಇಳಿಯುತ್ತದೆ.

ಇಲ್ಲಿಂದ ಮುಂದೆ ನಡೆಯುವುದು ಆರ್‌ಎನ್‌ಎಗಳ ಕದನ. ವೈರಸ್ ತನ್ನ ಜೀನ್‌ಗಳನ್ನು ಓದಿಸತೊಡಗಿದ ಕೂಡಲೇ ಗಿಡ ಅದರಿಂದ ಎರಡು ಎಳೆಯ ಆರ್‌ಎನ್‌ಎ ಮಾಡಿ, ಡೈಸರ್ ಕೈಗೆ ಕೊಟ್ಟು, ವೈರಸ್‌ನದೇ ಚಿಕ್ಕ ತುಂಡುಗಳನ್ನು ತಯಾರಿಸುತ್ತದೆ. ಆ ತುಂಡುಗಳು ವೈರಸ್‌ನ ಮೆಸೆಂಜರ್‌ಗಳನ್ನು ಕತ್ತರಿಸುತ್ತವೆ, ವೈರಸ್‌ನ ಡಿಎನ್‌ಎ ಮೇಲೂ ಬೀಗ ಹಾಕುತ್ತವೆ. ಗಿಡಕ್ಕೆ ರಕ್ತ ಇಲ್ಲ, ಬಿಳಿ ರಕ್ತಕಣ ಇಲ್ಲ. ವೈರಸ್ ವಿರುದ್ಧ ಅದರ ಬಲವಾದ ಆಯುಧ ಇದೇ.

ವೈರಸ್ ಸುಮ್ನೆ ಕೂರುವುದಿಲ್ಲ. ಚಿಕ್ಕ ಆರ್‌ಎನ್‌ಎ ವ್ಯವಸ್ಥೆಯನ್ನೇ ಹಾಳು ಮಾಡುವ ಪ್ರೋಟೀನ್‌ಗಳನ್ನು ಅದು ಬಿಡುತ್ತದೆ. ಎಡವಟ್ಟಾಗುವುದು ಇಲ್ಲೇ. ಗಿಡದ ರಕ್ಷಣೆಗೂ ಬೆಳವಣಿಗೆಗೂ ಬಳಕೆಯಾಗುವ ಯಂತ್ರ ಬಹುಮಟ್ಟಿಗೆ ಒಂದೇ. ವೈರಸ್ ರಕ್ಷಣೆಯನ್ನು ಕೆಡಿಸಲು ಹೋದಾಗ ಎಲೆಯ ಬೆಳವಣಿಗೆಯೂ ಕೆಡುತ್ತದೆ. ಟೊಮೆಟೊ ಎಲೆ ಎಷ್ಟು ಕವಲಾಗಬೇಕು, ಅಂಚು ಹೇಗಿರಬೇಕು ಎಂಬುದನ್ನು ನಡೆಸುವುದು 319ನೇ ನಂಬರಿನ ಮೈಕ್ರೋ ಆರ್‌ಎನ್‌ಎ. ಅದು ಅಂಟುವ ಜಾಗ ಕೆಟ್ಟ ಟೊಮೆಟೊದಲ್ಲಿ ಕವಲೊಡೆದ ಎಲೆ ಹೋಗಿ ಉದ್ದನೆಯ ಒಂಟಿ ಎಲೆ ಬರುತ್ತದೆ. ವೈರಸ್ ತಗುಲಿದ ಟೊಮೆಟೊದಲ್ಲಿ 319, 172ರಂಥವುಗಳ ಪ್ರಮಾಣ ಏರುಪೇರಾಗಿರುವುದನ್ನು ಭಾರತದ ವಿಜ್ಞಾನಿಗಳೇ ತೋರಿಸಿದ್ದಾರೆ. ಹೊಲದಲ್ಲಿ ಕಾಣುವ ಮುದುಡಿದ ಎಲೆಯ ಹಿಂದೆ ಈ ಹಿಡಿತ ತಪ್ಪಿರುವುದೂ ಒಂದು ಕಾರಣ.

ಈಗ ಮುಖ್ಯವಾದ ಮಾತು. ಎಲೆ ಮುದುಡು ರೋಗ ತಡೆಯುವ ಹಲವು ಹೈಬ್ರಿಡ್‌ಗಳಲ್ಲಿ ಟಿವೈ 1, ಟಿವೈ 3 ಎಂಬ ಜೀನ್‌ಗಳು ಇರುತ್ತವೆ. ಅವು ಚಿಲಿ ದೇಶದ ಕಡೆಯ ಕಾಡು ಟೊಮೆಟೊದಿಂದ ಮಾಮೂಲಿ ಅಡ್ಡ ತಳಿಯ ಮೂಲಕ ಬಂದವು. 2013ರಲ್ಲಿ ಗೊತ್ತಾದದ್ದು ಏನೆಂದರೆ, ಆ ಜೀನ್ ಮಾಡುವುದು ಎರಡು ಎಳೆಯ ಆರ್‌ಎನ್‌ಎ ತಯಾರಿಸುವ ಪ್ರೋಟೀನನ್ನು. ಅದಿದ್ದರೆ ವೈರಸ್ ವಿರುದ್ಧದ ಚಿಕ್ಕ ಆರ್‌ಎನ್‌ಎ ಜಾಸ್ತಿ ಹುಟ್ಟುತ್ತದೆ, ವೈರಸ್ ಡಿಎನ್‌ಎ ಮೇಲಿನ ಬೀಗ ಬಿಗಿಯಾಗುತ್ತದೆ. ಅಂದರೆ ಚಿಕ್ಕ ಆರ್‌ಎನ್‌ಎ ತಂತ್ರ ಮುಂದೆಂದೋ ಬರುವುದಲ್ಲ. ಹೊರಗಿನ ಜೀನ್ ಸೇರಿಸುವ ಕುಲಾಂತರಿಯೂ ಇಲ್ಲದೆ, ಎಡಿಟಿಂಗೂ ಇಲ್ಲದೆ, ಟ್ರೇಯಲ್ಲಿ ಬೆಳೆಸಿದ ಸಸಿಗಳ ಜೊತೆ ಅದು ಟೊಮೆಟೊ ಹೊಲಕ್ಕೆ ಬಂದಾಗಿದೆ.

ಆದರೂ ರೋಗ ಯಾಕೆ ಬರುತ್ತಿದೆ? ನಮ್ಮಲ್ಲಿನ ವೈರಸ್‌ಗಳ ಜೊತೆ ಬೀಟಾಸ್ಯಾಟಲೈಟ್ ಎಂಬ ಬಾಲಂಗೋಚಿ ಡಿಎನ್‌ಎ ಸೇರಿಕೊಂಡಿರುತ್ತದೆ. ಚಿಕ್ಕ ಆರ್‌ಎನ್‌ಎಯನ್ನು ಅಡಗಿಸುವ ಬಲವಾದ ಪ್ರೋಟೀನ್ ಅದರಲ್ಲಿದೆ, ಮತ್ತು ಅದು ಟಿವೈ 1ರ ಬಲವನ್ನೂ ಕುಗ್ಗಿಸಬಲ್ಲದು. ವಿದೇಶದಲ್ಲಿ ಗಟ್ಟಿ ನಿಂತ ತಳಿ ಇಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಒಂದೇ ಜೀನ್ ನಂಬದೆ ಬೇರೆ ಬೇರೆ ರೀತಿ ಕೆಲಸ ಮಾಡುವ ಜೀನ್‌ಗಳನ್ನು ಒಟ್ಟುಗೂಡಿಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆ ಮುದುಡು, ಸೊರಗು, ಅಂಗಮಾರಿ ಮೂರಕ್ಕೂ ತಡೆ ಇರುವ ಅರ್ಕಾ ರಕ್ಷಕ್ ಕೊಟ್ಟಿದೆ. ಅದರ ಜೊತೆ ಸಸಿಮಡಿಗೆ ಬಿಳಿ ನೊಣ ನುಸುಳದ ನೈಲಾನ್ ಪರದೆ, ಹೊಲದ ಸುತ್ತ ಮೆಕ್ಕೆಜೋಳದ ಸಾಲು, ಹಳದಿ ಅಂಟು ಹಾಳೆ, ರೋಗದ ಗಿಡ ಕಂಡ ದಿನವೇ ಕಿತ್ತು ಹಾಕುವುದು, ಇವು ಯಾವ ಜೀನ್ ಬಂದರೂ ತಪ್ಪುವುದಿಲ್ಲ. ವರ್ಷವಿಡೀ ಟೊಮೆಟೊ ಇರುವ ಊರಲ್ಲಿ ವೈರಸ್‌ಗೂ ವರ್ಷವಿಡೀ ಮನೆ ಸಿಗುತ್ತದೆ.

ಹೊರಗಿನಿಂದ ಹೊಡೆಯುವ ಆರ್‌ಎನ್‌ಎ

ಅಮೆರಿಕ ಒಪ್ಪಿದ ಔಷಧಿಯ ಹೆಸರು ಕಲಾಂತಾ. ಅದರಲ್ಲಿರುವುದು ಆಲೂಗಡ್ಡೆ ಎಲೆ ತಿನ್ನುವ ಕೊಲೊರಾಡೊ ಜೀರುಂಡೆಯ ಒಂದು ಜೀನ್‌ಗೆ ಹೊಂದುವ ಎರಡು ಎಳೆಯ ಆರ್‌ಎನ್‌ಎ. ಹುಳು ಎಲೆ ತಿಂದಾಗ ಅದು ಹೊಟ್ಟೆಗೆ ಹೋಗಿ, ಹುಳುವಿನ ಸ್ವಂತ ಯಂತ್ರದಲ್ಲೇ ತುಂಡಾಗಿ, ಹುಳುವಿನ ಜೀನನ್ನೇ ನಿಲ್ಲಿಸುತ್ತದೆ. ಹುಳು ಮೇಯುವುದನ್ನು ಬಿಡುತ್ತದೆ, ಸಾಯುತ್ತದೆ. ಅಕ್ಷರ ಹೊಂದದ ಜೀವಿಗೆ ತೊಂದರೆ ಕಡಿಮೆ. ಮಣ್ಣಿನಲ್ಲಿ ಬೇಗ ಕರಗಿ ಹೋಗುತ್ತದೆ. ರಾಸಾಯನಿಕ ಹೊಡೆದು ಹೊಡೆದು ಮೈ ಕೆಡಿಸಿಕೊಂಡ ರೈತ ಕುಟುಂಬಗಳಿಗೆ ಇದು ನಿಜವಾದ ಆಕರ್ಷಣೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು.

ಆದರೆ ಟೊಮೆಟೊ ಲೆಕ್ಕ ಬೇರೆ. ಬಿಳಿ ನೊಣ ಎಲೆ ಕಚ್ಚಿ ತಿನ್ನುವುದಿಲ್ಲ, ನಾಳದ ರಸ ಹೀರುತ್ತದೆ. ಎಲೆಯ ಮೇಲೆ ಬಿದ್ದ ಆರ್‌ಎನ್‌ಎ ಒಳಗೆ ಇಳಿದರೆ ಮಾತ್ರ ಅದಕ್ಕೆ ತಲುಪುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಆರ್‌ಎನ್‌ಎಯನ್ನು ಜೇಡಿಯ ಅತಿ ಸೂಕ್ಷ್ಮ ಹಾಳೆಗಳಿಗೆ ಅಂಟಿಸಿ ಹೊಡೆಯುವ ದಾರಿ ಹುಡುಕಿದರು. 2017ರ ಪ್ರಯೋಗದಲ್ಲಿ ಒಂದು ಸಲ ಹೊಡೆದದ್ದು ವೈರಸ್ ವಿರುದ್ಧ ಸುಮಾರು 20 ದಿನ ಕಾಪಾಡಿತು. 2022ರಲ್ಲಿ ಬಿಳಿ ನೊಣದ ಮೇಲೂ ಕೆಲಸ ಮಾಡಿದ್ದನ್ನು ತೋರಿಸಿದರು. ಕಟ್ಟಿಗೆ ಕಟ್ಟಿ ಬೆಳೆಸುವ ಟೊಮೆಟೊ ನಾಲ್ಕೈದು ತಿಂಗಳು ಹೊಲದಲ್ಲಿರುತ್ತದೆ. 20 ದಿನಕ್ಕೊಮ್ಮೆ ಅಂದರೂ ಎಷ್ಟು ಸಲ ಹೊಡೆಯಬೇಕು, ಎಷ್ಟು ಖರ್ಚು ಎಂದು ಲೆಕ್ಕ ಹಾಕಿಕೊಳ್ಳಿ.

ಹುಳು ಇದಕ್ಕೂ ಒಗ್ಗಿಕೊಳ್ಳುತ್ತದೆ. ಕೊಲೊರಾಡೊ ಜೀರುಂಡೆಯನ್ನು ಲ್ಯಾಬ್‌ನಲ್ಲಿ ಕೆಲವೇ ಪೀಳಿಗೆ ಆರ್‌ಎನ್‌ಎ ತಿನ್ನಿಸಿ ಆರಿಸಿದಾಗ ಭಾರಿ ಪ್ರತಿರೋಧ ಬೆಳೆಯಿತು. ಹುಳು ಆರ್‌ಎನ್‌ಎಯನ್ನು ಒಳಗೇ ಬಿಟ್ಟುಕೊಳ್ಳದಂತಾದರೆ ಒಂದು ಔಷಧಿಯ ಜೊತೆ ಆ ಜಾತಿಯ ಎಲ್ಲ ಔಷಧಿಗಳೂ ಸೋಲುವ ಅಪಾಯ ಇದೆ.

ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ಎಚ್ಚರ ಬೇಕು. 2014ರಲ್ಲಿ ಭಾರತದಲ್ಲಿ ಮೊದಲು ಕಂಡ ಟೂಟಾ ಹುಳು ಈಗ ಟೊಮೆಟೊ ಬೆಳೆಯುವವರ ದೊಡ್ಡ ತಲೆನೋವು. ಟೂಟಾ ಪತಂಗದ ಜಾತಿ. ರೇಷ್ಮೆ ಹುಳುವೂ ಪತಂಗದ ಜಾತಿಯೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಟೊಮೆಟೊ ಹೊಲದ ಬದುವಿಗೇ ಹಿಪ್ಪುನೇರಳೆ ತೋಟ ಇರುತ್ತದೆ. ಗಾಳಿಗೆ ಹಾರಿ ಬಂದ ಔಷಧಿಯಿಂದ ಹುಳು ಸಾಯುವ ಭಯ ರೇಷ್ಮೆ ಸಾಕುವವರಿಗೆ ಈಗಲೇ ಇದೆ. ಟೂಟಾಕ್ಕೆ ಎಂದು ಮಾಡಿದ ಆರ್‌ಎನ್‌ಎಯ 21 ಅಕ್ಷರಗಳ ಸಾಲು ರೇಷ್ಮೆ ಹುಳುವಿನ ಜೀನ್‌ನಲ್ಲೂ ಇದೆಯೇ ಎಂದು ಕಂಪ್ಯೂಟರಿನಲ್ಲಿ ತಾಳೆ ನೋಡಬಹುದು, ಆಮೇಲೆ ಹುಳುವಿಗೆ ಸೊಪ್ಪಿನ ಜೊತೆ ತಿನ್ನಿಸಿಯೂ ನೋಡಬೇಕು. ಪತಂಗಗಳ ಹೊಟ್ಟೆಯಲ್ಲಿ ಇಂಥ ಆರ್‌ಎನ್‌ಎ ಬೇಗ ಕರಗುತ್ತದೆ ಎಂಬುದು ನಿಜ. ಹಾಗೆಂದು ಪರೀಕ್ಷೆ ಬಿಡುವಂತಿಲ್ಲ. ಜೇನ್ನೊಣಕ್ಕೆ ಏನೂ ಆಗಿಲ್ಲ ಎಂಬ ಬೇರೆ ದೇಶದ ವರದಿ ತೋರಿಸಿ ಇಲ್ಲಿ ಮಾರಲು ಬಂದರೆ ಒಪ್ಪಬಾರದು.

ಒಂದೇ ವಿಜ್ಞಾನ, ನಾಲ್ಕು ಕಾನೂನು ದಾರಿ

ಗೊಂದಲದ ಮೂಲ ಇಲ್ಲಿದೆ. ಟಿವೈ ಜೀನ್‌ನಂತೆ ಅಡ್ಡ ತಳಿಯಿಂದ ಬಂದ ಬೀಜಕ್ಕೆ ಜೈವಿಕ ಸುರಕ್ಷತೆಯ ವಿಶೇಷ ಅನುಮತಿ ಬೇಕಿಲ್ಲ. ಹೊರಗಿನ ಡಿಎನ್‌ಎ ಉಳಿಯದಂತೆ ಎಡಿಟ್ ಮಾಡಿದ ಬೆಳೆಗೆ 2022ರ ಮಾರ್ಚ್ 30ರ ಕೇಂದ್ರದ ಆದೇಶದಿಂದ ಕುಲಾಂತರಿ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಇದೆ. ಚಿಕ್ಕ ಆರ್‌ಎನ್‌ಎ ಮಾಡುವ ಹೊಸ ಜೀನನ್ನೇ ಸೇರಿಸಿದರೆ ಅದು ಕುಲಾಂತರಿ, ಪೂರ್ತಿ ಪರೀಕ್ಷೆ ಬೇಕು. ಬಿಳಿ ನೊಣ ತರುವ ಇಂಥದ್ದೇ ವೈರಸ್ ತಡೆಯಲು ಬ್ರೆಜಿಲ್‌ನ ಸರ್ಕಾರಿ ಸಂಸ್ಥೆ ಎಂಬ್ರಾಪಾ ಮಾಡಿದ ಹುರುಳಿಕಾಯಿ ಜಾತಿಯ ಬೀನ್ಸ್ ಈ ಬಗೆಯದು, ಅದಕ್ಕೆ ಅಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು ಕೀಟ ಕೊಲ್ಲುವ ಸ್ಪ್ರೇ ನಮ್ಮಲ್ಲಿ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯ ನೋಂದಣಿ ಬೇಕು.

ಸರ್ಕಾರ ಮತ್ತು ಬಹಳಷ್ಟು ವಿಜ್ಞಾನಿಗಳ ವಾದ, ಎಡಿಟಿಂಗ್‌ನಲ್ಲಿ ಆಗುವ ಬದಲಾವಣೆ ಪ್ರಕೃತಿಯಲ್ಲೂ ಆಗುವಂಥದ್ದು, ಅದಕ್ಕೆ ವರ್ಷಗಟ್ಟಲೆ ಅನುಮತಿ ಕಾಯಿಸುವುದು ಬೇಡ ಎಂದು. ಜಿಎಂ ಮುಕ್ತ ಭಾರತ ಒಕ್ಕೂಟದಂಥವರು ಇದನ್ನು ಒಪ್ಪುವುದಿಲ್ಲ. ಕತ್ತರಿ ತಪ್ಪು ಜಾಗದಲ್ಲೂ ಕತ್ತರಿಸಬಹುದು, ಸ್ವತಂತ್ರ ಪರೀಕ್ಷೆ ಇಲ್ಲ, ಎಡಿಟಿಂಗ್ ತಂತ್ರದ ಪೇಟೆಂಟ್ ವಿದೇಶಿಯರ ಕೈಯಲ್ಲಿದೆ ಎನ್ನುತ್ತಾರೆ. ಭತ್ತದ ಇಳುವರಿಯ ಅಂಕಿಗಳನ್ನೂ ಅವರು ಪ್ರಶ್ನಿಸಿದ್ದಾರೆ, ಐಸಿಎಆರ್ ಆ ಆರೋಪ ತಳ್ಳಿಹಾಕಿದೆ.

ಹೊರಗಿನ ಜೀನ್ ಇಲ್ಲದ ಬೆಳೆಯನ್ನು ಬಿಟಿ ಹತ್ತಿಯ ಸಾಲಿಗೆ ಸೇರಿಸುವುದು ಸರಿಯಲ್ಲ, ಅಲ್ಲಿ ಸರ್ಕಾರದ ವಾದಕ್ಕೆ ಬಲ ಇದೆ. ಆದರೆ ಚಿಕ್ಕ ಆರ್‌ಎನ್‌ಎ ವಿಷಯದಲ್ಲಿ ವಿರೋಧಿಗಳ ಒಂದು ಬೇಡಿಕೆ ನ್ಯಾಯವಾದದ್ದು. ಒಂದು ಮೈಕ್ರೋ ಆರ್‌ಎನ್‌ಎ ಹತ್ತಾರು ಜೀನ್‌ಗಳನ್ನು ಹಿಡಿದಿರುತ್ತದೆ. ಅದು ಅಂಟುವ ಒಂದು ಜಾಗ ತಿದ್ದುವುದು ಬೇರೆ, ಮೈಕ್ರೋ ಆರ್‌ಎನ್‌ಎಯನ್ನೇ ತಿದ್ದುವುದು ಬೇರೆ. ಎರಡನೆಯದರಲ್ಲಿ ಪರಿಣಾಮ ಹೂವಿಗೂ ಬೇರಿಗೂ ಎಲೆಗೂ ಹರಡಬಹುದು. ಇಂಥ ತಳಿಗಳ ಹೊಲದ ಪರೀಕ್ಷೆಯ ಪೂರ್ತಿ ಅಂಕಿ, ಸೋತ ಜಾಗಗಳ ಅಂಕಿ ಸಮೇತ, ಜನರ ಮುಂದೆ ಇಡಬೇಕು. 2010ರ ಫೆಬ್ರುವರಿಯಲ್ಲಿ ಬಿಟಿ ಬದನೆಗೆ ತಡೆ ಬಿದ್ದದ್ದು ಊರೂರಿನ ಸಾರ್ವಜನಿಕ ಸಭೆಗಳಲ್ಲಿ ಎದ್ದ ಪ್ರಶ್ನೆಗಳ ನಂತರ. ಮಾಹಿತಿ ಮುಚ್ಚಿಟ್ಟು ನಂಬಿಕೆ ಗಳಿಸಲು ಆಗುವುದಿಲ್ಲ.

ತಿಂದರೆ ಏನಾದರೂ ಆಗುತ್ತದೆಯೇ ಎಂಬ ಭಯಕ್ಕೆ ಆಧಾರ ಕಡಿಮೆ. ಮುದ್ದೆಯಲ್ಲೂ ಸೊಪ್ಪಿನ ಸಾರಿನಲ್ಲೂ ಗಿಡದ ಚಿಕ್ಕ ಆರ್‌ಎನ್‌ಎ ನಾವು ದಿನಾ ತಿನ್ನುತ್ತಿದ್ದೇವೆ. ಅಕ್ಕಿಯ ಮೈಕ್ರೋ ಆರ್‌ಎನ್‌ಎ ಮನುಷ್ಯರ ರಕ್ತದಲ್ಲಿ ಸಿಕ್ಕಿತು ಎಂದು 2012ರಲ್ಲಿ ಚೀನಾದಿಂದ ಒಂದು ವರದಿ ಬಂದು ದೊಡ್ಡ ಸುದ್ದಿಯಾಯಿತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ.

ಬೀಜ ಯಾರ ಕೈಯಲ್ಲಿ

ಟೊಮೆಟೊ ರೈತ ಈಗಾಗಲೇ ಪ್ರತಿ ಸಲ ಹೈಬ್ರಿಡ್ ಬೀಜ ಕೊಳ್ಳುತ್ತಾನೆ, ಇಲ್ಲವೇ ನರ್ಸರಿಯಿಂದ ಸಸಿ ತರುತ್ತಾನೆ. ಎಡಿಟ್ ಮಾಡಿದ ಟೊಮೆಟೊ ಬಂದರೆ ರೇಟು ಏರಬಹುದು, ಆದರೆ ಅವನ ಪದ್ಧತಿ ಬದಲಾಗುವುದಿಲ್ಲ. ರಾಗಿ ಹಾಗಲ್ಲ. ರಾಗಿ ಬೀಜವನ್ನು ಮನೆಯಲ್ಲೇ ಎತ್ತಿಟ್ಟು, ನೆಂಟರಿಗೆ, ಪಕ್ಕದ ಹೊಲದವರಿಗೆ ಕೊಟ್ಟು ಬಿತ್ತುವ ವಾಡಿಕೆ ಇನ್ನೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಆ ಹಕ್ಕನ್ನು ಕೊಟ್ಟಿದೆ. ಎಡಿಟಿಂಗ್ ತಂತ್ರದ ಪೇಟೆಂಟ್ ಇರುವವರ ಜೊತೆ ಸರ್ಕಾರ ಮಾಡಿಕೊಳ್ಳುವ ಒಪ್ಪಂದದಲ್ಲಿ ಈ ಹಕ್ಕಿಗೆ ಧಕ್ಕೆ ಬಾರದಂತೆ ಬರೆಸಿಕೊಳ್ಳಬೇಕು, ಅದೂ ತಳಿ ಬಿಡುಗಡೆಗೆ ಮೊದಲೇ. ಜಿಕೆವಿಕೆಯಂಥ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ) ಸರ್ಕಾರಿ ಸಂಸ್ಥೆಗಳು ರಾಗಿಯ ಕೆಲಸವನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕಾದ ಕಾರಣವೂ ಇದೇ. ರಾಗಿಯ 156, 172, 399 ನಮ್ಮ ಕೆಂಪು ಮಣ್ಣಿನಲ್ಲಿ, ತಡವಾಗುವ ಮುಂಗಾರಿನಲ್ಲಿ ಹೇಗೆ ಏರಿಳಿಯುತ್ತವೆ ಎಂದು ತಿಳಿಯಲು ಯಾವ ಜೀನನ್ನೂ ತಿದ್ದಬೇಕಿಲ್ಲ. ಎಲೆ ಕಿತ್ತು ತಂದು ಅಳೆದರೆ ಸಾಕು. ಬರದಲ್ಲೂ ತೆನೆ ಕಟ್ಟುವ ನಾಟಿ ರಾಗಿಗಳಲ್ಲಿ ಗೋಧಿಯ ಕ್ಯೂ ಜೀನ್‌ನಂಥ ಬದಲಾವಣೆ ತಾನಾಗಿ ಆಗಿರುವುದು ಸಿಕ್ಕರೆ, ಅದನ್ನು ಅಡ್ಡ ತಳಿಯಿಂದಲೇ ಹೊಸ ರಾಗಿಗೆ ತರಬಹುದು.